ಮಾವನವರ ಕೆಮ್ಮು

ಕಂಪ್ಯೂಟರ್ ನಿಧಾನವಾಗಿದೆ ಎಂದು ನನ್ನವಳು ಗೊಣಗಿದ್ದೇ ತಪ್ಪಾಯಿತು. (ತಪ್ಪು ಅವಳದೇ ಎಂದು ಈಗಲೂ ವಾದಿಸುತ್ತೇನೆ, ಅವಳು ಮನೆಯಲ್ಲಿಲ್ಲದಾಗ.) ಅಂತರ್ಜಾಲವನ್ನೆಲ್ಲ ಜಾಲಾಡಿ, ವೇಗ ಹೆಚ್ಚಿಸುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಹಾಕಿದೆ. ವೇಗವೇನೋ ಹೆಚ್ಚಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲುಗಳಿಗೆಲ್ಲ ಬೀಗ ಬಿದ್ದು, ಪರದೆ ಕೆಂಪಾಗಿ, ಹಣ ಕೊಟ್ಟರೆ ಮಾತ್ರ ಕೀಲಿ ಎಂಬ ಅಪ್ಪಣೆ ಮೂಡಿತು.

"ಅಪ್ಪನ ಕಥೆ ಇದೆಯೇನ್ರೀ?" ಎಂದಳು.

ತೀರಿಹೋದ ಮಾವನವರು ನಮ್ಮ ಮಗಳಿಗೆ ಹೇಳಿದ್ದ ನರಿಯ ಕಥೆಯ ಕ್ಯಾಸೆಟ್ ಒಂದಿತ್ತು. ಅವರ ದನಿ ಎಂದು ಉಳಿದದ್ದು ಅದೊಂದೇ. ಅದನ್ನು ನಾನೇ ಕಂಪ್ಯೂಟರಿಗೆ ಏರಿಸಿ, ಕೆಮ್ಮು, ಗೊರಗೊರ ಎಲ್ಲ ಕತ್ತರಿಸಿ ಚೊಕ್ಕ ಮಾಡಿ, "ಇನ್ನು ಆ ಕಸ ಎಸೆ" ಎಂದು ಆಜ್ಞಾಪಿಸಿದ್ದೆ.

ರಿಪೇರಿಯವನು ಫೋನಿನಲ್ಲೇ ಕೈಚೆಲ್ಲಿದ. "ದುಡ್ಡು ಕೊಟ್ರೂ ಬಿಡಿಸ್ತಾರೆ ಅನ್ನೋ ಗ್ಯಾರಂಟಿ ಇಲ್ಲ ಸಾರ್. ಬೇರೆ ಕಡೆ ಕಾಪಿ ಇಟ್ಟಿಲ್ವಾ?"

ಕಾಪಿ! ಬೀದಿಗೆಲ್ಲ ಕಾಪಿಯ ಮಹಿಮೆ ಬೋಧಿಸಿದ ಮಹಾನುಭಾವ ನಾನು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಅವಳು ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಕೋಣೆಗೆ ಹೋದಳು. ಸತ್ತ ತಂದೆಯನ್ನು ಇನ್ನೊಮ್ಮೆ ಕಳೆದುಕೊಳ್ಳುವಂತೆ ಮಾಡಿದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ತಿರುಗಿ ಬಂದಾಗ ಅವಳ ಕೈಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಇತ್ತು, ಅದರೊಳಗೆ ಅದೇ ಕ್ಯಾಸೆಟ್.

"ಎಸೆದೆ ಅಂದಿದ್ಯಲ್ಲೇ?"

"ಅಂದಿದ್ದೆ. ನೀವು ಹೇಳಿದ್ದನ್ನೆಲ್ಲ ಮಾಡಿದ್ರೆ ಸಂಸಾರ ನಡೆದ ಹಾಗೇ! ಇನ್ನೂ ಹಾಡತ್ತೋ ಇಲ್ವೋ ಅಂತ ಜೀವ ಹೊಡ್ಕೋತಿದೆ, ಸ್ವಲ್ಪ ಸುಮ್ನಿರಿ."

ಗುಂಡಿ ಒತ್ತಿದಳು. ಚಕ್ರ ಎರಡು ಸಲ ತಡವರಿಸಿ ತಿರುಗಿತು. ನರಿ ಬಂತು, ಅದರ ಹಿಂದೆಯೇ ಕೆಮ್ಮೂ ಬಂತು.

"ನಮ್ಮಪ್ಪ ಹೀಗೇ ಕೆಮ್ತಿದ್ರು ಕಣ್ರೀ!" ಎಂದು ನಗುತ್ತಲೇ ಅತ್ತಳು. ನಾನು ಕಸವೆಂದು ಗುಡಿಸಿ ಹಾಕಿದ್ದರಲ್ಲೇ ಮಾವನವರು ಕೂತಿದ್ದರು. ನನಗೂ ಕಣ್ಣು ತುಂಬಿ ಬಂತು.

ಕಥೆ ಮುಗಿದರೂ ಟೇಪು ಗೊರಗುಟ್ಟುತ್ತಲೇ ಇತ್ತು. (ಅಂದು ಇಲ್ಲೇ ನಾನು ಕತ್ತರಿ ಹಾಕಿದ್ದು, ಮುಂದೇನಿದೆ ಎಂದು ಕೇಳದೆ.) ಮಾವನವರು ಗಂಟಲು ಸರಿಮಾಡಿಕೊಂಡು, ಟೇಪ್ ಮಾಡುತ್ತಿದ್ದ ನನ್ನವಳನ್ನು ಕೇಳಿದರು.

"ನಿಲ್ಸಿದ್ಯೇನಮ್ಮ? ಹಾಂ... ಅಳಿಯಂದ್ರು ಚಿನ್ನದಂಥೋರು ಕಣಮ್ಮ. ಆದ್ರೆ ಮನೇಲಿ ಯಾವ ಮೆಷಿನ್ನೂ ಅವ್ರ ಕೈಗೆ ಕೊಡ್ಬೇಡ."

ನನ್ನವಳು ಕಣ್ಣೊರೆಸಿಕೊಂಡು, ಹಿಂದಕ್ಕೆ ಸುತ್ತಿ, ಅಷ್ಟನ್ನೇ ಮತ್ತೆ ಕೇಳಿದಳು. "ಇದನ್ನ ನಾಲ್ಕು ಕಡೆ ಕಾಪಿ ಇಡ್ಬೇಕು ರೀ" ಎಂದಳು.

ನಾನು ಉತ್ಸಾಹದಿಂದ ಕೈಚಾಚಿದೆ.

"ನೀವಲ್ಲ," ಎಂದು ರೆಕಾರ್ಡರನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ರಿಪೇರಿಯವ್ರು ಮಾಡ್ಲಿ."