ಹೊಳೆ ಉಟ್ಟ ಯಂತ್ರವನ್ನು ಬಿಟ್ಟುಕೊಡುವ ಕುರಿತು

ಇಂದ:
ಶಿವಯೋಗಿ, ಅಲೆವಿದ್ಯುತ್ ಸಂಶೋಧಕ,
ಜಮಖಂಡಿ (ಇಲ್ಲಿ ಸಮುದ್ರವಿಲ್ಲ).

ಗೆ:
ಶ್ರೀಮತಿ ಕೃಷ್ಣಾ ನದಿಯವರು,
ಗಲಗಲಿ ದಂಡೆ, ತಾಲೂಕು ಬೀಳಗಿ.

ವಿಷಯ: ತಾವು ಉಟ್ಟಿರುವುದಾಗಿ ಹೇಳಲಾಗುತ್ತಿರುವ ಸೀರೆಯು ಸೀರೆಯೇ ಅಲ್ಲದಿರುವ ಬಗ್ಗೆ.

ಉಲ್ಲೇಖ: ಅರ್ಜಿದಾರನ ಸೋದರತ್ತೆ ಯಂಕವ್ವನವರ ಮೌಖಿಕ ಆದೇಶ, ನಿನ್ನೆ ಸಂಜೆ, ತಮ್ಮದೇ ದಂಡೆಯ ಮೇಲೆ.

ಮಾನ್ಯರೇ,

1. ಸದರಿ ಅರ್ಜಿದಾರನು ಅಲೆಗಳಿಂದ ವಿದ್ಯುತ್ ತೆಗೆಯುವ ಮೆತ್ತನೆಯ ವಸ್ತುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ಕಬ್ಬಿಣದ ಯಂತ್ರ ಅಲೆಗೆ ಎದೆಯೊಡ್ಡಿ ಮುರಿಯುತ್ತದೆ. ಮೆತ್ತನೆಯದು ಅಲೆ ಬಂದಂತೆ ಬಾಗಿ, ಹಿಗ್ಗಿ, ವಿದ್ಯುತ್ತನ್ನೂ ಕೊಟ್ಟು ಬದುಕಿಕೊಳ್ಳುತ್ತದೆ. ಜಮಖಂಡಿಯಲ್ಲಿ ಕೂತು ಸಮುದ್ರದ ಉಸಾಬರಿ ಯಾಕೆಂದು ಬೀಗರೂ ಕೇಳಿದ್ದಾರೆ. ಉತ್ತರ ಕೊಟ್ಟು ಸಾಕಾಗಿರುವ ಕಾರಣ ಆ ಮಾತನ್ನು ಇಲ್ಲಿ ಕೈಬಿಡಲಾಗಿದೆ.

2. ಎರಡು ರಬ್ಬರು ಪದರಗಳ ನಡುವೆ ಹಿಗ್ಗುವ ಬಟ್ಟೆ ಬೇಕಾಗಿದ್ದರಿಂದ, ಬನಹಟ್ಟಿಯ ನೇಕಾರ ಗಂಗಾರಾಮರಿಗೆ ಬರೀ ಬಟ್ಟೆ ನೇಯಲು ತಿಳಿಸಲಾಗಿತ್ತು. ಅವರು ಸೀರೆಯ ಅಂಚಿನಂತೆ ಕೆಂಪು ದಡಿ ಹಾಕಿ, ಸೆರಗನ್ನೂ ಕೂಡಿಸಿ ತಂದರು. ಕಾರಣ ಕೇಳಲಾಗಿ, "ದಡಿ ಇಲ್ಲದ ಅರಿವಿ ಮಗ್ಗದಿಂದ ಇಳಿಸಾಕ ಮನಸ್ಸ ಬರಲಿಲ್ರಿ ಸರ. ನೀರಾಗ ಇದ್ರೇನಾತು, ಚಂದ ಕಾಣಬ್ಯಾಡೇನ್ರಿ?" ಎಂದರು. ರಬ್ಬರು ಗಾಜಿನಂತೆ ತಿಳಿಯಾಗಿದ್ದರಿಂದ ಚಂದವೇ ಕಂಡಿತು.

3. ಯಂತ್ರವನ್ನು ತಮ್ಮ ನೀರಿನಲ್ಲಿ ಎರಡು ಗೂಟಗಳಿಗೆ ಕಟ್ಟಿ, ತಂತಿಯನ್ನು ದಂಡೆಗೆ ತಂದು ಪುಟ್ಟ ಬಲ್ಬು ಜೋಡಿಸಲಾಯಿತು. ದಂಡೆಯ ಪಕ್ಕದಲ್ಲೇ ಮನೆಯಿರುವ ಯಂಕತ್ತೆ ಬಂದು ನೋಡಿದರು. ದಡಿ ಇದೆ, ಸೆರಗಿದೆ. ಹೆಚ್ಚಿನ ವಿಚಾರಣೆ ನಡೆಸಲಿಲ್ಲ. ಅರಿಶಿನ, ಕುಂಕುಮ, ಹಸಿರು ಬಳೆ ತಂದು, ಕಾಯಿ ಒಡೆದು ತಮಗೆ ಉಡಿ ತುಂಬಿದರು. ಓಣಿಯ ಹೆಂಗಸರೆಲ್ಲ ಮೊಳಕಾಲು ನೀರಿಗಿಳಿದರು. ಆ ಗದ್ದಲಕ್ಕೆ ನೀರು ತುಳುಕಿ, ಯಂತ್ರ ಹಿಗ್ಗಿ, ಬಲ್ಬು ಹತ್ತಿತು.

ಜೀವಮಾನದಲ್ಲಿ ಮೊದಲ ಸಲ ಹತ್ತಿತು, ಮಾನ್ಯರೇ! ಅರ್ಜಿದಾರನು ಕುಣಿಯಬೇಕೆನ್ನುವಷ್ಟರಲ್ಲಿ ಯಂಕತ್ತೆ, "ಹೊಳೆವ್ವ ಸೀರಿ ಉಟ್ಟಳ್ರೆವ್ವಾ!" ಎಂದು ಕೂಗಿದರು. ಎಲ್ಲರೂ ಕೈಮುಗಿದರು. ಅರ್ಜಿದಾರನ ಕೈಯೂ ತಾನಾಗಿ ಮುಗಿಯಿತು. ಇದನ್ನು ಒಪ್ಪಿಗೆಯೆಂದು ಪರಿಗಣಿಸಬಾರದು.

4. ಸೋಮವಾರ ಜಮಖಂಡಿಯ ಪ್ರಯೋಗಾಲಯಕ್ಕೆ ಪರಿಶೀಲನಾ ಸಮಿತಿ ಬರಲಿದೆ. ಬಲ್ಬು ಹತ್ತಿದರೆ ಯೋಜನೆ ಉಳಿಯುತ್ತದೆ. ಹತ್ತದಿದ್ದರೆ ಪ್ರಯೋಗಾಲಯಕ್ಕೆ ಬೀಗ, ಅರ್ಜಿದಾರ ಮನೆಗೆ. ಇರುವುದು ಇದೊಂದೇ ಯಂತ್ರ. ಕಾರಣ ನಿನ್ನೆ ಬಿಚ್ಚಿಕೊಳ್ಳಲು ಹೋಗಲಾಗಿ, ಯಂಕತ್ತೆ ಅಡ್ಡ ನಿಂತರು.

"ಉಟ್ಟ ಸೀರಿ ಎಳೀತಿಯಲ್ಲೋ, ನಾಚಿಕಿ ಬರೂದಿಲ್ಲೇನು?"

"ಅತ್ತೀ, ಅದು ಸೀರಿ ಅಲ್ಲ ಬೇ, ಮಷೀನು."

"ಮಷೀನಿಗೆ ಸೆರಗ ಇರತೈತೇನು?"

ಅರ್ಜಿದಾರನು ಹಿಡಿದ ಗೂಟ ಕೈಬಿಟ್ಟು, "ನನ್ನ ನೌಕರಿ ಹೋಗತೈತಿ ಅತ್ತೀ," ಎಂದು ಅತ್ತೇಬಿಟ್ಟನು. ಆಗ ಅವರ ಮನಸ್ಸು ಕರಗಿ, "ಅಳಬ್ಯಾಡೋ ನನ್ನಪ್ಪಾ. ಕೊಡಾಕ ನಾ ಯಾರು? ಉಟ್ಟಾಕಿನ್ನ ಕೇಳು," ಎಂದು ಆದೇಶಿಸಿದರು.

ಬಾಯಿಮಾತು ಕಡತದಲ್ಲಿ ನಿಲ್ಲದ ಕಾರಣ ಲಿಖಿತವಾಗಿ ಕೇಳಲಾಗಿದೆ. ಆದ್ದರಿಂದ ಸೋಮವಾರದೊಳಗೆ ಸದರಿ ಯಂತ್ರವನ್ನು ಬಿಟ್ಟುಕೊಡಬೇಕು. ಬದಲಿಗೆ ಗಂಗಾರಾಮರ ಮಗ್ಗದಿಂದ ಖರೆ ಸೀರೆಯನ್ನೇ, ತಾವು ಬಯಸಿದ ದಡಿಯಲ್ಲಿ, ಸಲ್ಲಿಸಲಾಗುವುದು.

ತಮ್ಮ ದಂಡೆಯ ವಿಶ್ವಾಸಿ,
ಶಿವಯೋಗಿ

ಲಗತ್ತುಗಳು:
ದಡಿಯ ತುಂಡು, ಗುರುತಿಗಾಗಿ.
ಒಡೆದ ಕಾಯಿಯ ಒಂದು ಹೋಳು (ಇನ್ನೊಂದು ತಮ್ಮ ವಶದಲ್ಲಿದೆ).

ಪ್ರತಿ: ಯಂಕವ್ವನವರಿಗೆ, ಓದಿ ಹೇಳಲಾಗಿದೆ.

ವಿ.ಸೂ.: ಓದಿ ಹೇಳಲಾಗಿ, "ಹೆಣಮಕ್ಕಳಿಗೆ ಉಟ್ಟ ಸೀರಿ ಬಿಚ್ಚಂತ ಅರ್ಜಿ ಬರೀತಾರೇನೋ?" ಎಂದು ಅವರು ಆಕ್ಷೇಪಿಸಿರುವುದರಿಂದ ಮೇಲಿನ ಬೇಡಿಕೆಯನ್ನು ಹಿಂಪಡೆಯಲಾಗಿದೆ. ಸಮಿತಿಯನ್ನೇ ದಂಡೆಗೆ ಕರೆತರಲಾಗುವುದು. ತಾವು ಉಟ್ಟುಕೊಂಡೇ ಇರಬಹುದು. ಅಂದು ಓಣಿಯ ಹೆಂಗಸರು ಹೊಲಕ್ಕೆ ಹೋಗುವುದರಿಂದ ನೀರು ತುಳುಕಿಸುವವರು ಬೇರೆ ಯಾರೂ ಇಲ್ಲ. ಆದ್ದರಿಂದ ತಾವೇ ಸೋಮವಾರ ಹನ್ನೊಂದು ಗಂಟೆಗೆ ಒಮ್ಮೆ ಸೆರಗು ಕೊಡವಬೇಕಾಗಿ ವಿನಂತಿ.