ಗೊಜ್ಜಿನ ಮೇಲಿನ ಫಾಯಿಲು

ನೆನಪನ್ನು ನಂಬಬಾರದೆಂಬುದು ನನ್ನ ಹಳೆಯ ವಾದ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಮರೆಯದೆ ಉಳಿದದ್ದು ಇದೊಂದೇ. ಅಥವಾ ಹಾಗೆಂದು ನನ್ನ ನೆನಪು. ಗೇಟಿನವರೆಗೆ ಹೋದವನು, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಲಿಫ್ಟ್ ಹತ್ತುತ್ತೇನೆ. ದೆಹಲಿ ಪಕ್ಕದ ನಮ್ಮ ಇಂದಿರಾಪುರಂ ಅಪಾರ್ಟ್‌ಮೆಂಟ್ ಸೊಸೈಟಿಯ ಗಾರ್ಡ್ ನನ್ನನ್ನು ಕಂಡ ಕೂಡಲೇ ‘ಅಂಕಲ್‌ಜೀ, ತಾಲಾ?’ ಎಂದು ಬೀಗದ ನೆನಪು ಮಾಡುತ್ತಾನೆ. ನನಗೆ ಭರವಸೆಯಿರುವುದು ಲೋಹಗಳ ಮೇಲೆ ಮಾತ್ರ. ಲೋಹ ಎಷ್ಟು ವೇಗವಾಗಿ ಸವೆಯುತ್ತದೆ ಎಂಬುದರ ಮೇಲೆಯೇ ಡಾಕ್ಟರೇಟ್ ಮಾಡಿ, ಈಗ ಪೈಪುಗಳ ತುಕ್ಕು ಪರೀಕ್ಷಿಸಿ ಹೊಟ್ಟೆ ಹೊರೆಯುತ್ತೇನೆ. ಲೋಹಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಕಳೆದ ತಿಂಗಳು ನನ್ನ ಹೆಂಡತಿ ವಸುಧಾ ಪುಳಿಯೋಗರೆ ಗೊಜ್ಜು ಮಾಡಿದಳು. ಮುನಿರ್ಕಾದಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಭಟ್ಟರು, ರುಚಿ ಹಿಡಿಸಿದರೆ ಬಾಟಲಿಯಲ್ಲಿ ತುಂಬಿ ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಮಾರಾಟಕ್ಕೆ ಇಡುತ್ತೇನೆಂದಿದ್ದರು. ಕೆಲಸ ಬಿಟ್ಟ ಮೇಲೆ ಅವಳು ಇಷ್ಟು ಆಸೆಯಿಂದ ಕೈ ಹಾಕಿದ್ದು ಇದಕ್ಕೇ. ಶನಿವಾರ ಸಂಜೆ ಸ್ಟೀಲ್ ಪಾತ್ರೆಯ ಕಂಠದವರೆಗೆ ಗೊಜ್ಜು ತುಂಬಿ, ‘ರೀ, ಆರಿದ ಮೇಲೆ ತಟ್ಟೆ ಮುಚ್ಚಿ, ಮರೀಬೇಡಿ’ ಎಂದು ಹೇಳಿ, ಮಗಳೊಡನೆ ಹೌಜ್ ಖಾಸಿನಲ್ಲಿರುವ ತಂಗಿಯ ಮನೆಗೆ ಹೋದಳು. ಬೆಳಿಗ್ಗೆ ಬಂದವಳೇ ಗಡಿಬಿಡಿಯಲ್ಲಿ ಪಾತ್ರೆಗೆ ಬಟ್ಟೆ ಕಟ್ಟಿದಳು, ಮೂವರೂ ಹೊರಟೆವು.

ಹೋಟೆಲಿನಲ್ಲಿ ಬಟ್ಟೆ ಬಿಚ್ಚಿದರೆ ಒಳಗೆ ತಟ್ಟೆಯಿಲ್ಲ, ಅಲ್ಯೂಮಿನಿಯಂ ಫಾಯಿಲು. ಗೊಜ್ಜು ತಗುಲಿದಲ್ಲೆಲ್ಲ ಅದು ಜರಡಿಯಾಗಿತ್ತು. ಗೊಜ್ಜಿನ ಮೇಲೆ ಬೂದು ಕಲೆಗಳು.

‘ಇದೆಂಥದು ಮಾರಾಯ್ರೆ?’ ಎಂದು ಭಟ್ಟರು ಚಮಚ ಕೆಳಗಿಟ್ಟರು.

ವಸುಧಾ ನನ್ನ ಕಡೆ ತಿರುಗಿದಳು. ‘ಫಾಯಿಲ್ ಯಾಕೆ ಹಾಕಿದ್ರಿ?’

‘ನಾನೆಲ್ಲಿ ಹಾಕಿದೆ? ತಟ್ಟೆ ಮುಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನೀನೇ ಬದಲಾಯಿಸಿರ್ತೀಯ. ನಿದ್ದೆಗಣ್ಣಲ್ಲಿ ಮಾಡಿದ್ದು ನೆನಪಿರಲ್ಲ.’

‘ನಾನು ಬರೋವಾಗ್ಲೇ ಫಾಯಿಲ್ ಇತ್ತು. ಅದರ ಮೇಲೇ ಬಟ್ಟೆ ಕಟ್ಟಿದೆ.’

‘ನೆನಪು ಪುರಾವೆಯಲ್ಲ ವಸುಧಾ’ ಎಂದೆ, ಭಟ್ಟರಿಗೂ ಕೇಳಿಸುವಂತೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಫಾಯಿಲನ್ನು ಬೆಳಕಿಗೆ ಹಿಡಿದು ಪಾಠ ಶುರು ಮಾಡಿದೆ. ಹುಣಸೆಯ ಹುಳಿಯಲ್ಲಿ ಉಪ್ಪು ಸೇರಿದೆ. ಅದರೊಳಗೆ ಎರಡು ಲೋಹ ಒಂದನ್ನೊಂದು ಮುಟ್ಟಿದರೆ ಅದೊಂದು ಪುಟ್ಟ ಬ್ಯಾಟರಿ. ಅಲ್ಯೂಮಿನಿಯಂ ಎಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತದೆ, ಸ್ಟೀಲು ಕೂತು ತಿನ್ನುತ್ತದೆ. ಸ್ಟೀಲಿನ ಮೈ ದೊಡ್ಡದಾಗಿ ಫಾಯಿಲು ತಗುಲಿದ ಜಾಗ ಚಿಕ್ಕದಾದಷ್ಟೂ ಸವೆತ ಜೋರು. ‘ಆದರೂ ಇದಕ್ಕೊಂದು ವೇಗ ಇದೆ ಭಟ್ರೇ. ದಾರಿಯಲ್ಲಿ ಬರೋಷ್ಟರಲ್ಲಿ ಇಷ್ಟು ತೂತು ಬೀಳಲ್ಲ. ಇದಕ್ಕೆ ಇಡೀ ರಾತ್ರಿ ಬೇಕು!’

ಮಗಳು ಫೋನಿನಿಂದ ತಲೆಯೆತ್ತಿದಳು. ‘ಪಪ್ಪಾ, ಮಮ್ಮಿ ತೋ ರಾತ್ ಕೋ ಮೌಸಿ ಕೆ ಘರ್ ಥೀ ನಾ? ನಾವು ಚಿಕ್ಕಮ್ಮನ ಮನೇಲಿದ್ವಿ, ನಮ್ಮನೇಲಿ ನೀವೊಬ್ರೇ ಇದ್ದಿದ್ದು.’

ಭಟ್ಟರು ನಗು ತಡೆಯಲು ಮೀಸೆ ನೀವಿಕೊಂಡರು. ವಸುಧಾ ನಗಲಿಲ್ಲ, ಬೈಯಲೂ ಇಲ್ಲ. ಬಟ್ಟೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಊರಿಗೆಲ್ಲ ನೆನಪನ್ನು ನಂಬಬೇಡಿರೆಂದು ಸಾರಿದವನು ನನ್ನ ನೆನಪನ್ನು ಮಾತ್ರ, ಅದೂ ಅವಳ ವಿರುದ್ಧ, ಅವಳ ಆಸೆ ಹಾಳಾಗುತ್ತಿದ್ದ ಹೊತ್ತಿನಲ್ಲಿ ನಂಬಿದ್ದೆ. ಮೆಟ್ರೋದಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಮನೆ ಬರುವವರೆಗೆ ಅದಕ್ಕೆ ಮತ್ತೆ ಕಟ್ಟಿದ ಬಟ್ಟೆಯನ್ನೇ ನೋಡುತ್ತಾ ಕುಳಿತಿದ್ದೆ.

ಹೊರಡುವಾಗ ಭಟ್ಟರು, ‘ಅಕ್ಕ, ಬರುವ ವಾರ ಇನ್ನೊಮ್ಮೆ ಮಾಡಿ ತನ್ನಿ. ಇವರನ್ನು ಮನೆಯಲ್ಲೇ ಬಿಟ್ಟು ಬನ್ನಿ’ ಎಂದಿದ್ದರು. ಅವಳು ಹಾಗೆಯೇ ಮಾಡಿದಳು, ಗಾಜಿನ ಭರಣಿಯಲ್ಲಿ. ಈಗ ಗೊಜ್ಜು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ನಾನು ಫಾಯಿಲು ಮುಚ್ಚಿದ್ದು ಮಾತ್ರ ನನಗೆ ಇಂದಿಗೂ ನೆನಪಾಗಿಲ್ಲ. ಬರೀ ಸಾಬೀತಾಗಿದೆ, ಅದೂ ನನ್ನಿಂದಲೇ.