ಸುಲ್ಮಕ್ಕನ ಹೊಟ್ಟೆಯ ಅಲೆ

ಬೆಳಿಗ್ಗೆ ಬಂದವನೇ ಎಲ್ಬಿಯೊ ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ‘ಇಲ್ಲಿ ಮಾಟೆ ಕುಡಿಯಬಾರದು’ ಎಂದು ಚೀಟಿ ಅಂಟಿಸಿದ. ಮಾಟೆ ಎಂದರೆ ಸೋರೆಬುರುಡೆಯಲ್ಲಿ ಎಲೆಪುಡಿಗೆ ಬಿಸಿನೀರು ಬಗ್ಗಿಸಿ ಕೊಳವೆಯಿಂದ ಹೀರುವ, ಕೈಯಿಂದ ಕೈಗೆ ಸಾಗುವ ಪೇಯ. ಮೊಂಟೆವಿಡಿಯೊದಲ್ಲಿ ಹಾಗೆ ಬರೆಯುವುದೂ ಒಂದೇ, ಉಸಿರಾಡಬಾರದು ಎಂದು ಬರೆಯುವುದೂ ಒಂದೇ.

ಅವನ ಕಷ್ಟ ಅವನಿಗೆ. ಬಸಿರಿಲ್ಲದಾಗಲೂ ಗರ್ಭಕೋಶದ ಸ್ನಾಯು ಮೆಲ್ಲಗೆ ಅಲೆಯಾಡುತ್ತದೆ. ಸ್ಕ್ಯಾನಿನ ಚಿತ್ರದಿಂದ ಆ ಅಲೆಯನ್ನು ಹಿಡಿದು ಗೆರೆಯಾಗಿ ತೋರಿಸುವ ಪ್ರೋಗ್ರಾಂ ಅವನದು. ಮಧ್ಯಾಹ್ನ ಸಮಿತಿಯವರು ಒಪ್ಪಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸ್ಕ್ಯಾನ್ ಮಾಡುವ ಮಿರ್ತಾ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಅವುಚಿಕೊಂಡೇ ಕೆಲಸ ಮಾಡುವವಳು. ಅವಳ ಕೈ ಅಲುಗಿಬಿಟ್ಟರೆ?

“ಇಷ್ಟು ವರ್ಷ ಅಲುಗದ ಕೈ ಇವತ್ತು ಅಲುಗುತ್ತಾ?” ಎಂದು ಮಿರ್ತಾ ಸಿಡುಕಿದಳು.

“ಬಿಡಮ್ಮ, ನಾಳೆ ಮಾಂಸಾನೂ ಸುಡಬೇಡಿ ಅಂತಾನೆ,” ಎಂದ, ಬಾಗಿಲಲ್ಲಿ ಇಣುಕಿದ ಆಸ್ಪತ್ರೆಯ ಕಾವಲುಗಾರ.

ಎಲ್ಬಿಯೊ ತಾನೂ ಕುಡಿಯದೆ, ಮಂಚಕ್ಕೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ಕಾಲು ತೂರಿಸಿ ಕಂಪ್ಯೂಟರಿನ ಮುಂದೆ ಕೂತ. ಮಂಚದ ಮೇಲೆ ಸುಲ್ಮಕ್ಕ. ಪಕ್ಕದ ಬೀದಿಯಲ್ಲಿ ಕರಿದ ರೊಟ್ಟಿ ಮಾರುವವಳು, ಆರು ತಿಂಗಳಿಂದ ಪರೀಕ್ಷೆಗೆ ಹೊಟ್ಟೆ ಒಡ್ಡುತ್ತಿರುವ ಪುಣ್ಯಾತ್ಗಿತ್ತಿ.

ಪರದೆಯ ಗೆರೆ ಇಸ್ತ್ರಿ ಮಾಡಿದಂತೆ ಮಲಗಿತ್ತು. ಊಟದ ಹೊತ್ತಾದರೂ ಏಳಲಿಲ್ಲ.

“ಮುಷ್ಕರ ಹೂಡಿದೆ,” ಎಂದಳು ಮಿರ್ತಾ.

“ನನ್ನ ಗರ್ಭಕೋಶಕ್ಕೇನೂ ಆಗಿಲ್ಲ ಕಣೇ, ಮೂರು ಹೆತ್ತಿದೆ. ಈ ಹುಡುಗನ ಮುಖ ನೋಡಿ ಹೆದರಿರ್ಬೇಕು, ಪಾಪ.”

ಅಷ್ಟರಲ್ಲಿ ಸಮಿತಿಯ ಹಿರಿಯ ವೈದ್ಯೆ ನಿಬಿಯಾ ಮೇಡಂ ಇಬ್ಬರನ್ನು ಹಿಂದಿಟ್ಟುಕೊಂಡು ಬಂದೇಬಿಟ್ಟರು. ಎಲ್ಬಿಯೊ ಓಡಿಹೋಗಿ ಚೀಟಿ ಕಿತ್ತು ಜೇಬಿಗಿಟ್ಟ. “ಕುಡಿಯಮ್ಮ ಮಿರ್ತಾ, ನಿನ್ನ ಕಾಲಿಗೆ ಬೀಳ್ತೀನಿ. ದಿನಾ ಬರ್ತಿದ್ದ ಅಲೆ ಮಾಟೆ ನಿಲ್ಲಿಸಿದ್ದಕ್ಕೇ ನಿಂತಿರ್ಬೇಕು.”

ಮಿರ್ತಾಳ ಸಿಟ್ಟು ಇಳಿಯಿತು. “ನೋಡು ಹೇಗೆ ನಡುಗ್ತಿದೀಯ. ಮೊದ್ಲು ನೀನು ಕುಡಿ,” ಎಂದು ತನ್ನ ಸೋರೆಬುರುಡೆ, ಫ್ಲಾಸ್ಕ್ ಎರಡನ್ನೂ ಅವನಿಗೇ ಕೊಟ್ಟಳು.

ಅವನು ಮತ್ತೆ ಅದೇ ಇಕ್ಕಟ್ಟಿನಲ್ಲಿ ಕೂತು ನೀರು ಬಗ್ಗಿಸಿದ. ಕೊಳವೆ ಕಚ್ಚಿ ತಳ ಬರುವತನಕ ಹೀರಿದ. ಗೊರ್ರ್!

ಪರದೆಯ ಮೇಲೆ ಅಲೆ ಎದ್ದಿತು. ಇನ್ನೊಂದು ಗೊರ್ರ್, ಇನ್ನೊಂದು ಅಲೆ. ಸಮಿತಿ ಚಪ್ಪಾಳೆ ತಟ್ಟಿತು. ಎಲ್ಬಿಯೊನ ಕಣ್ಣು ತುಂಬಿತು.

“ಅಲ್ಲಾ ಮೇಡಂ,” ಮಲಗಿದ್ದಲ್ಲಿಂದಲೇ ಸುಲ್ಮಕ್ಕ ಕೇಳಿದಳು, “ಇವನು ಗೊರ್ರ್ ಅಂತ ಹೀರಿದಾಗೆಲ್ಲ ಮಂಡೀಲಿ ನನ್ನ ಮಂಚಾನ ಯಾಕೆ ತಿವೀತಾನೆ? ಆರು ತಿಂಗಳಿಂದ ನೋಡ್ತಿದೀನಿ, ಇದೂ ಪರೀಕ್ಷೆನೇ ಇರ್ಬೇಕು ಅಂತ ಸುಮ್ನಿದ್ದೆ.”

ನಿಬಿಯಾ ಮೇಡಂ ಕನ್ನಡಕ ಸರಿಪಡಿಸಿಕೊಂಡರು. “ಹೀರಪ್ಪ.” ಅಲೆ. “ನಿಲ್ಸು.” ಗೆರೆ ಮಲಗಿತು.

“ಹಾಗಾದ್ರೆ ಇಷ್ಟು ದಿನ ನಾವು ಅಧ್ಯಯನ ಮಾಡಿದ್ದು ನಿನ್ನ ಮಂಡೀನ.”

“ಹೌದು ಮೇಡಂ,” ಎಂದ ಎಲ್ಬಿಯೊ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

“ಆದ್ರೂ ನಿನ್ನ ಪ್ರೋಗ್ರಾಂ ಮಂಡೀನ ಚೆನ್ನಾಗೇ ಹಿಡಿದಿದೆ. ಕೆಲಸ ಇರ್ಲಿ. ಎಲ್ಲಾ ಮೊದಲಿಂದ ಮಾಡು.”

ಮಿರ್ತಾ ಅವನ ಜೇಬಿನಿಂದ ಚೀಟಿ ಎಳೆದು ಅವನ ಪರದೆಯ ನೆತ್ತಿಗೇ ಅಂಟಿಸಿದಳು. ಆಮೇಲೆ ಬುರುಡೆ ಕೈಯಿಂದ ಕೈಗೆ ಹೊರಟಿತು: ಮೇಡಂ, ಸಮಿತಿಯವರು, ಸುಲ್ಮಕ್ಕ, ಕಾವಲುಗಾರ. ಎಲ್ಬಿಯೊ ಕೈ ಚಾಚಿದ. ಬುರುಡೆ ಅವನ ತಲೆಯ ಮೇಲಿನಿಂದ ಹಾದು ಮತ್ತೆ ಮೇಡಂ ಕೈ ಸೇರಿತು.